ಹಂಪಿಯಲ್ಲಿ ಹಸಿದ ಪಾರಿಸಪ್ಪ

ದಿಗ್ಗೇವಾಡಿಯ ಪಾರಿಸಪ್ಪನವರು ಜಿನದರ್ಶನವಾಗದೆ ಬಾಯಿಗೆ ಹನಿ ನೀರು ಮುಟ್ಟಿಸುವವರಲ್ಲ. ಹೊತ್ತು ಮುಳುಗಿದ ಮೇಲಂತೂ ಅನ್ನದ ಮಾತೇ ಇಲ್ಲ. ಈ ಎರಡು ಗೆರೆಗಳ ನಡುವೆಯೇ ಕಬ್ಬು ಬೆಳೆದು, ಜಗಳವಾಡಿ, ನಕ್ಕು, ಎಪ್ಪತ್ತು ದಾಟಿದವರು. ಬದುವಿನ ಮೇಲೆ ನಡೆದ ರೂಢಿಯಂತೆ ಕೈಗಳನ್ನು ಬೆನ್ನಿಗೆ ಕಟ್ಟಿ, ನೆಲ ನೋಡುತ್ತ ದಡದಡನೆ ಸಾಗುವ ಅವರ ಕಂದು ಕೋಟಿನ ಬೆನ್ನನ್ನಷ್ಟೇ ಕಾಣುತ್ತ ಹೆಂಡತಿ ಲಕ್ಷ್ಮಿಬಾಯಿ ಅರ್ಧ ಹಿಂದೂಸ್ಥಾನ ತಿರುಗಿದ್ದಾರೆ.

ಹಂಪಿಗೆ ಹೊರಟ ನಸುಕಿನಲ್ಲಿ ಊರ ಬಸದಿ ಇನ್ನೂ ತೆರೆದಿರಲಿಲ್ಲ. ಕಾರು ನಡೆಸುವ ಮಗ ಕುಣಾಲ ಕಾಯೋಣವೆಂದ.

“ರಾಜಧಾನಿ ಅಂದಮ್ಯಾಲ ಬಸದಿಗೇನ ಬರ ಬಂದೈತೇನ? ನಡೀಲೇ!” ಎಂದು ಪಾರಿಸಪ್ಪ ಕೈ ಝಾಡಿಸಿದರು.

ರಾಜಧಾನಿಯಲ್ಲಿ ಬಸದಿಗಳಿದ್ದವು, ದೇವರಿರಲಿಲ್ಲ. ಒಂದರಲ್ಲಿ ಬರಿದಾದ ಪೀಠ, ಇನ್ನೊಂದರಲ್ಲಿ ಬಾವಲಿಗಳ ಸಂಸಾರ, ಮತ್ತೊಂದರಲ್ಲಿ ತಲೆಯಿಲ್ಲದ ವಿಗ್ರಹ. ಭಗ್ನವಾದದ್ದು ದರ್ಶನಕ್ಕೆ ಒದಗದು. ಕುಣಾಲ ಫೋನಿನಲ್ಲಿ ಜಿನಬಿಂಬ ತೋರಿಸಿದ.

“ಅದರಾಗ ಚಪಾತಿನೂ ತೋರಸ್ತಿ, ಹೊಟ್ಟಿ ತುಂಬತೈತೇನ?”

ಹೊಸಪೇಟೆಯ ಬಸದಿಗೆ ಹೋಗಿ ದರ್ಶನ ಮಾಡಿ ಬರೋಣವೆಂದರೆ, “ಅಲ್ಲೇನ ಅರಸರಿದ್ರೇನ?” ಎಂದರು.

ಲಕ್ಷ್ಮಿಬಾಯಿಗೆ ಆ ವ್ರತವಿರಲಿಲ್ಲ. ಗಂಡ ಉಣ್ಣದೆ ತುತ್ತು ಇಳಿಯುತ್ತಿರಲಿಲ್ಲ, ಅಷ್ಟೇ. ಬುತ್ತಿಯ ಡಬ್ಬಿ ಹೊತ್ತು ಸಿಟ್ಟಿನಲ್ಲಿ ಬೇಯುತ್ತಿದ್ದರು, ಭಯವೂ ಇತ್ತು: ಮುದುಕನ ಕಾಲು ತಡವರಿಸುತ್ತಿದ್ದವು, ಹೊತ್ತು ಇಳಿಯುತ್ತಿತ್ತು. ನಾಲ್ಕನೆಯ ಬಸದಿಯ ಗರ್ಭಗುಡಿಯೂ ಖಾಲಿ ಎಂದು ತಿಳಿದೊಡನೆ, “ಇನ್ನ ನನ್ನ ಕೈಲೆ ಆಗೂದಿಲ್ರಿ” ಎಂದು ತಂಪಾದ ಕಲ್ಲುನೆಲದ ಮೇಲೆ ಅಂಗಾತ ಮಲಗಿಯೇಬಿಟ್ಟರು. ಹಾಗೆ ಮಲಗಿದವರಿಗೆ, ಪಾರಿಸಪ್ಪ ಮೂರು ಸಲ ಹೊಕ್ಕು ಹೊರಬಂದ ಬಾಗಿಲವಾಡದ ಮೇಲೆ, ಅಂಗೈಯಗಲದ ಜಿನಮೂರ್ತಿ ಪದ್ಮಾಸನ ಹಾಕಿ ಕೂತದ್ದು ಕಾಣಿಸಿತು.

“ಅಯ್ಯ, ಇಲ್ಲಿ ನೋಡ್ರಿ!”

ಪಾರಿಸಪ್ಪ ಸಂತೆಯಲ್ಲಿ ಎತ್ತು ನೋಡುವವರಂತೆ ಕೈಕಾಲು, ಕಿವಿ ಎಲ್ಲ ಪರೀಕ್ಷಿಸಿದರು. “ಮೂಗ ಸವದೈತಿ” ಎಂದು ಅನುಮಾನಿಸಿದರು.

“ನಿಮ್ಮ ಮಂಡಿನೂ ಸವದಾವ. ಮುರದಿಲ್ಲಲ್ಲ?”

ಪಾರಿಸಪ್ಪ ಘೊಳ್ಳನೆ ನಕ್ಕರು; ನಗುತ್ತಲೇ ಕೈಮುಗಿದವರ ಕಣ್ಣು ಒದ್ದೆಯಾದವು. ಹೊತ್ತು ಗುಡ್ಡಕ್ಕೆ ಗೇಣು ದೂರವಿದ್ದಾಗ ಮೂವರೂ ಚಪಾತಿ, ಶೇಂಗಾ ಚಟ್ನಿ ಉಂಡರು. ಕಲ್ಲಿನ ರಥವನ್ನು ನೋಡದೆಯೇ ಊರಿಗೆ ಮರಳಿದರು.

ಇಂಥವರೊಡನೆ ಊರು ನೋಡುವುದು ಮಹಾ ಕಷ್ಟ. ನಾವೆಲ್ಲ ಹಾಳು ಹಂಪಿಯನ್ನು ನೋಡಿ ನಿಟ್ಟುಸಿರಿಟ್ಟು ಬರುತ್ತೇವೆ. ಮನೆಯವರನ್ನು ಉಪವಾಸ ಕೆಡವುವ ಈ ಹಟಮಾರಿಗಳು ಮಾತ್ರ, ಊರು ಹಾಳಾಗಿದೆಯೆಂಬುದನ್ನೇ ಒಪ್ಪದೆ, ದೇವರು ಮನೆಯಲ್ಲೇ ಇದ್ದಾನೆಂದು ನಂಬಿ ಹೋಗಿ ಬಾಗಿಲು ತಟ್ಟುತ್ತಾರೆ.