ಯಾವ ಸರಿ?

ನಮ್ಮ ಬೈಂಡಿಂಗ್ ಕೋಣೆಯಲ್ಲಿ ಒಪ್ಪಿಗೆಗೆ ಯಾರೂ ‘ಸರಿ’ ಅನ್ನುವುದಿಲ್ಲ, ‘ಆಯ್ತು’ ಅನ್ನುತ್ತೇವೆ. ಇಲ್ಲಿ ಸರಿ ಅಂದರೆ ಅಂಟು. ಮೈದಾ ಕದಡಿ, ಹುಳ ಬೀಳದ ಹಾಗೆ ಚಿಟಿಕೆ ಮೈಲುತುತ್ತ ಹಾಕಿ, ಗಂಟಾಗದಂತೆ ಕಾಯಿಸಿದ್ದು. ಮೇಸ್ತ್ರಿ ‘ಸರಿ’ ಅಂದರೆ ನಾನು ಬಟ್ಟಲು ತಂದುಕೊಡಬೇಕು. ಗ್ರಂಥಾಲಯದ ಹರಿದ ಪುಸ್ತಕಗಳನ್ನು ಅವರ ಜೊತೆ ಹೊಲಿದು ಅಂಟಿಸುತ್ತಲೇ ನನ್ನ ತಲೆ ನರೆತಿದೆ. ಒಂದು ದಿನವೂ ಅವರ ಬಾಯಿಂದ ‘ಚೆನ್ನಾಗಿ ಮಾಡಿದೆ’ ಅಂತ ಬಂದಿಲ್ಲ.

ಬೀರುವಿನ ಮೇಲೆ ಬಟ್ಟೆ ಸುತ್ತಿಟ್ಟ ಹಳೆಯ ನಕ್ಷೆಗಳ ಪುಸ್ತಕವಿತ್ತು. ಒಂದು ಮೇಜಿನಗಲ. ಅದನ್ನು ಅವರು ಯಾರಿಗೂ ಮುಟ್ಟಲು ಬಿಟ್ಟವರಲ್ಲ. ಈ ವರ್ಷ ಕೆಲಸ ಬಿಡುವ ಮೊದಲು ಅದನ್ನು ಹೊಲಿಯಲು ಒಬ್ಬರ ಕೈಗೆ ಕೊಟ್ಟು ಹೋಗುತ್ತೇನೆ ಅಂದಿದ್ದರು. ಆ ಕೈ ನನ್ನದೇ ಅಂತ ನಾನು ಧೈರ್ಯವಾಗಿದ್ದೆ. ಅಷ್ಟರಲ್ಲಿ ಇವಳು ಬಂದಳು.

ಇಂಟರ್ನ್ ಅಂತೆ. ಓದಿ ಮುಗಿಸಿ ಕೆಲಸ ಕಲಿಯಲು ಬಂದವಳು. ಬಂದ ಎರಡನೇ ದಿನವೇ ಮೇಸ್ತ್ರಿಯನ್ನು ‘ತಾತ’ ಅಂದಳು. ನಾನು ಇಂದಿಗೂ ‘ಮೇಸ್ತ್ರೀ’ ಅಂತ ಬಾಗಿಲಲ್ಲಿ ನಿಂತು ಕರೆಯುತ್ತೇನೆ. ಮೇಸ್ತ್ರಿ ಮುಖ ಸಿಂಡರಿಸುತ್ತಾರೆ ಅಂತ ಕಾದೆ. ಕಿಟಕಿ ಪಕ್ಕದ ಸ್ಟೂಲು ಎಳೆದು ಕೊಟ್ಟರು! ನನ್ನ ಸ್ಟೂಲು.

ರಾತ್ರಿ ಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ. “ಗ್ಯಾಸ್ ಯಾಕೆ ಹಚ್ತೀಯ? ನಿನ್ನ ಹೊಟ್ಟೆ ಮೇಲೇ ಅನ್ನ ಇಡು, ಬೇಗ ಬೇಯುತ್ತೆ,” ಅಂದರು ನಮ್ಮವರು.

“ಬೆಂದ ಮೇಲೆ ನಿಮಗೆ ಹಾಕಲ್ಲ,” ಅಂದೆ.

ಆ ವಾರವೇ ಅದು ನಡೆಯಿತು. ಅವಳು ಒಂದು ದಪ್ಪ ಪುಸ್ತಕದ ಕಿತ್ತ ಹಾಳೆಗಳನ್ನು ಜೋಡಿಸಿ ಹೊಲಿದಳು. ಮೇಸ್ತ್ರಿ ಬಂದರು, ಪುಸ್ತಕದ ಬೆನ್ನನ್ನು ಹೆಬ್ಬೆರಳಲ್ಲಿ ಸವರಿ, “ಸರಿ,” ಅಂದರು. ಅಷ್ಟರಲ್ಲಿ ಗ್ರಂಥಪಾಲಕರು ಕರೆದರೆಂದು ಎದ್ದು ಹೋದರು. ಹುಡುಗಿಯ ಮುಖ ದೀಪದ ಹಾಗೆ ಹತ್ತಿಕೊಂಡಿತು. ನನ್ನ ಎದೆಯೊಳಗೆ ಕೆಂಡ ಸುರಿದಂತಾಯಿತು. ನನಗೆ ಸಿಗದ ಮಾತು ನಿನ್ನೆ ಮೊನ್ನೆ ಬಂದವಳಿಗೆ! ಮುಖ ತಿರುಗಿಸಿ ರಟ್ಟು ಕತ್ತರಿಸುತ್ತ ಕೂತೆ. ಅವಳು ಪುಸ್ತಕಕ್ಕೆ ರಟ್ಟು ತೊಡಿಸಿ ಭಾರ ಒತ್ತುವ ಪ್ರೆಸ್ಸಿನಲ್ಲಿಟ್ಟಳು. ಮರುದಿನ ಅದು ಓದುವ ಕೋಣೆಗೆ ಹೋಯಿತು.

ಮಧ್ಯಾಹ್ನದೊಳಗೆ ಗ್ರಂಥಪಾಲಕರು ಒಂದು ಕೈಯಲ್ಲಿ ರಟ್ಟು, ಇನ್ನೊಂದರಲ್ಲಿ ಹಾಳೆಗಳ ಕಟ್ಟು ಹಿಡಿದು ಬಂದರು. “ಯಾರದ್ರೀ ಈ ಕೈಚಳಕ? ಓದೋರ ಮಡಿಲಿಗೇ ಬಿತ್ತು.”

“ನಮ್ಮ ಇಂಟರ್ನಮ್ಮಂದು,” ಅಂದೆ. ಹಬ್ಬದೂಟ ಉಂಡಷ್ಟು ಖುಷಿ.

ಪುಸ್ತಕದ ಬೆನ್ನಿಗೆ ಒಂದು ಹನಿ ಅಂಟು ಬಿದ್ದಿರಲಿಲ್ಲ. ಹುಡುಗಿ ಕಣ್ಣು ತುಂಬಿಕೊಂಡಳು. “ತಾತ ಸರಿ ಅಂದ್ರು. ಮುಗೀತು ಅಂತ...”

ಗ್ರಂಥಪಾಲಕರು ಹೋದ ಮೇಲೆ ಮೇಸ್ತ್ರಿ ಅವಳನ್ನು ಬಿಟ್ಟು ನನ್ನ ಕಡೆ ತಿರುಗಿದರು. “ಅವಳು ಹೊಸಬಳು, ಗೊತ್ತಿಲ್ಲ. ನಿನಗೇನಾಗಿತ್ತಮ್ಮ? ಸರಿ ಅಂದಾಗ ಬಟ್ಟಲು ಯಾಕೆ ತರಲಿಲ್ಲ?”

ನಿಜವೇ. ಇಷ್ಟು ವರ್ಷ ಆ ಮಾತು ಕಿವಿಗೆ ಬಿದ್ದರೆ ಕೈ ತಾನೇ ಬಟ್ಟಲಿಗೆ ಹೋಗುತ್ತಿತ್ತು. ಅವತ್ತು ಮಾತ್ರ ಹೋಗಲಿಲ್ಲ.

“ಅವಳನ್ನ ಹೊಗಳಿದ್ರಿ ಅಂದ್ಕೊಂಡೆ!” ಅಂತ ಕಿರುಚಿಯೇಬಿಟ್ಟೆ.

“ನಾನಾ? ನಾನು ಯಾವತ್ತು ಯಾರನ್ನ ಹೊಗಳಿದ್ದೀನಿ?”

“ಅದೇ ಅಲ್ವಾ ನನ್ನ ಗೋಳು!”

ಹುಡುಗಿ ಅಳುತ್ತಲೇ ಕಿಸಕ್ಕನೆ ನಕ್ಕಳು. ಮೇಸ್ತ್ರಿ ಸ್ಟೂಲು ಹತ್ತಿ ನಕ್ಷೆಗಳ ಪುಸ್ತಕ ಇಳಿಸಿ ನನ್ನ ಮೇಜಿನ ಮೇಲಿಟ್ಟರು. ನನ್ನ ಮೇಜಿನ ಮೇಲೆ. “ಹಿಡ್ಕೊಳ್ಳೋಕೆ ಇವಳನ್ನೂ ಕರ್ಕೋ. ಒಬ್ಬರ ಕೈಗೆ ಬಗ್ಗೋ ಸಾಮಾನಲ್ಲ.”

ಆ ಬಾಲ ಬೇಕಿರಲಿಲ್ಲ. ಆದರೂ ಕರೆದುಕೊಂಡೆ. ಅವಳು ತುದಿ ಹಿಡಿದಳು, ನಾನು ಹೊಲಿದೆ, ಬೆನ್ನಿಗೆ ಅಂಟು ಸವರಿದೆ, ಬಟ್ಟೆ ಎಳೆದು ಕೂರಿಸಿದೆ. ಅವಳ ಕೈಗೆ ಬ್ರಷ್ಷು ಕೊಡಲಿಲ್ಲ. ಕೇಳಿದಳು, ಆದರೂ ಕೊಡಲಿಲ್ಲ.

ಮೇಸ್ತ್ರಿ ಬಂದು ಬೆನ್ನು ಸವರಿದರು. ರಟ್ಟು ತೆರೆದು ಮುಚ್ಚಿದರು.

“ಸರಿ,” ಅಂದು ಹೊರಗೆ ಹೊರಟರು.

ನಾನು ದಡಬಡಿಸಿ ಬಟ್ಟಲಿಗೆ ಕೈ ಹಾಕಿದೆ. ಹುಡುಗಿ ನನ್ನ ಮೊಣಕೈ ಹಿಡಿದಳು. “ಅಂಟು ಹಚ್ಚಿ ಆಯ್ತಲ್ಲಕ್ಕ. ಇನ್ನೆಲ್ಲಿಗೆ ಹಚ್ತೀಯ?”

ಬಟ್ಟಲು ಹಿಡಿದೇ ನಿಂತೆ. ಇಷ್ಟು ವರ್ಷ ಕಾದ ಮಾತು, ಅದೂ ನನಗಿಂತ ಮೊದಲು ಇವಳ ಕಿವಿಗೇ ತಿಳಿಯಬೇಕಾ?