ಗೆಣಸೆಂದು ತಂದ ಗಡ್ಡೆ

ಬದುವಿನಲ್ಲಿ ಅಗೆದು ತಂದ ಗಡ್ಡೆಯನ್ನು ಕಾಡುಗೆಣಸೆಂದು ತಿಳಿದು ಅಡಿವೆವ್ವ ಕುದಿಸಿದಳು. ಅತ್ತೆ ಶಾರವ್ವನಿಗೆ ಕೊಟ್ಟು ತಾನೂ ತಿಂದಳು. ಸಂಜೆಯೊಳಗೆ ಇಬ್ಬರಿಗೂ ವಾಂತಿಭೇದಿ. ಹಾನಗಲ್ಲಿನ ದವಾಖಾನೆಯಲ್ಲಿ ಐದು ದಿನ ಸಲಾಯಿನ್ ಏರಿಸಿಕೊಂಡು, ಬದುಕಿ ತಿಳವಳ್ಳಿಗೆ ಮರಳಿದರು. ಅದು ೧೯೮೨ರ ಮಳೆಗಾಲ.

ಹನ್ನೆರಡನೆಯ ದಿನ ಅಡಿವೆವ್ವನ ಬಾಚಣಿಗೆಯ ತುಂಬ ಕೂದಲು ಬಂತು. ವಾರದೊಳಗೆ ಇಬ್ಬರ ತಲೆಯೂ ಬೋಳಾಯಿತು.

"ಏನ ಹಾಕಿ ಕೊಟ್ಟಿ ನನಗ?" ಎಂದ ಶಾರವ್ವ ಅಂದಿನಿಂದ ತನ್ನ ರೊಟ್ಟಿ ತಾನೇ ಬಡಿದುಕೊಳ್ಳತೊಡಗಿದಳು. ಓಣಿಯಲ್ಲಿ ಮಾಟದ ಮಾತೆದ್ದಿತು. ಅಡಿವೆವ್ವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಉಳಿದಿದ್ದ ಗಡ್ಡೆಯನ್ನು ಅರಿವೆಯಲ್ಲಿ ಕಟ್ಟಿಕೊಂಡು ದವಾಖಾನೆಗೆ ಹೋದಳು. ಡಾಕ್ಟರು ಶಿಗ್ಗಾಂವಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಮನೋರಮಾಬಾಯಿಗೆ ಚೀಟಿ ಬರೆದುಕೊಟ್ಟರು.

"ಅಲ್ಲೆ ಬೆಂಕಿ ಬಣ್ಣದ ಹೂವಿನ ಬಳ್ಳಿ ಇತ್ತೇನು?" ಮನೋರಮಾ ಗಡ್ಡೆ ನೋಡುತ್ತಲೇ ಕೇಳಿದರು.

"ಹೋದ ವರ್ಷ ಇತ್ತರಿ ಬಾಯಾರ."

"ಅಗ್ನಿಶಿಖೆ ಇದು. ವಿಷ. ಏನ ಮಾಡ್ತದ ಅಂತ ತೋರಸ್ತೇನಿ, ಸೋಮವಾರ ಬಾ."

ಆ ನಾಲ್ಕು ದಿನ ಕಳೆ ತೆಗೆಯುವಾಗ ಅಡಿವೆವ್ವ ಎರಡು ಸಲ ಪೈರನ್ನೇ ಕಿತ್ತಳು.

ಸೋಮವಾರ ಮನೋರಮಾ ಅವಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಮೊದಲು ನೀರಲ್ಲಿ ಬೆಳೆದ ಉಳ್ಳಾಗಡ್ಡಿಯ ಬೇರಿನ ತುದಿ. ಕೆಲವು ಕೋಶಗಳಲ್ಲಿ ಬಣ್ಣ ಹಿಡಿದ ಕೆಂಪು ತುಣುಕುಗಳು ಎರಡು ಗುಂಪಾಗಿ ಆಚೀಚೆ ಸರಿದಿದ್ದವು. ಆಮೇಲೆ, ಅಡಿವೆವ್ವ ತಂದ ಗಡ್ಡೆಯ ರಸದಲ್ಲಿ ನೆನೆದ ಬೇರಿನಲ್ಲಿ ಅವು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು.

"ಒಂದು ಕೋಶ ಎರಡಾಗೋ ಮುಂದ ಒಳಗ ಸಣ್ಣ ಎಳೆ ಹುಟ್ಟತಾವ. ಪ್ರೋಟೀನಿನ ಚೂರು ಒಂದಕ್ಕೊಂದು ಕೂಡಿ ಆಗೋ ಎಳೆ. ಅವೇ ಈ ಕೆಂಪು ತುಣುಕನ್ನ ಆ ಕಡೆ ಈ ಕಡೆ ಜಗ್ಗತಾವ. ಈ ವಿಷ ಆ ಚೂರು ಕೂಡಗೊಡೂದಿಲ್ಲ. ಕೋಶ ಅರ್ಧಕ್ಕ ನಿಂತುಬಿಡತದ. ಕೂದಲದ ಬುಡದಾಗ ಈ ಕೆಲಸ ಭಾಳ ಜೋರು ನಡೀತಿರತದ, ಅದಕ್ಕ ಅಲ್ಲೆ ಪೆಟ್ಟು ಬಿತ್ತು."

"ಮತ್ತ ಬರತಾವೇನ್ರಿ?"

"ಬರತಾವ ಅಂತ ಓದೇನಿ. ಕಣ್ಣಾರೆ ಯಾರನ್ನೂ ನೋಡಿಲ್ಲ."

ಅಡಿವೆವ್ವ ಏಳಲಿಲ್ಲ. "ನಮ್ಮತ್ತೀಗೂ ತೋರಸ್ತೀರೇನ್ರಿ?" ಎಂದಳು.

ಮರುದಿನ ಶಾರವ್ವನೂ ಬಂದು ಬಹಳ ಹೊತ್ತು ನೋಡಿದಳು. ಮರಳುವ ಬಸ್ಸಿನಲ್ಲಿ ಸೊಸೆಯನ್ನು ಕೇಳಿದಳು.

"ನನ್ನ ಮೈಯಾಗೂ ಹಂಗ ನಿಂತಿತ್ತೇನು?"

"ಹೂನ್ರಿ ಅತ್ತಿ. ನನ್ನ ಮೈಯಾಗೂ."

"ಹೌದಲ್ಲ. ನೀನೂ ತಿಂದಿದ್ದಿ," ಎಂದಳು ಶಾರವ್ವ, ಅದು ಆಗಷ್ಟೇ ಹೊಳೆದವಳಂತೆ.

ದೀಪಾವಳಿಯ ಹೊತ್ತಿಗೆ ಇಬ್ಬರಿಗೂ ಬೆರಳಿಗೆ ಸಿಗುವಷ್ಟು ಕೂದಲು ಬಂತು. ಅಲ್ಲಿಯವರೆಗೆ ಅಡಿವೆವ್ವ ದಿನಕ್ಕೆ ಹತ್ತು ಸಲ ತಲೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು; ಕೇಳದೆಯೇ ಅತ್ತೆಯ ತಲೆಯನ್ನೂ.