ಬಂಡೆಗೆ ಬಳಿದ ಬೆಲ್ಲ

೨೦೨೪ರ ಮಾರ್ಚ್ ಹನ್ನೆರಡು, ಮಂಗಳವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಪಕ್ಕ, ಗುಡ್ಡದ ಬುಡದಲ್ಲಿ ಹೊಸದಾಗಿ ಎದ್ದ ಕಚೇರಿ ಸಂಕೀರ್ಣದ ಹಿಂದಿನ ಕಾಲುದಾರಿಯಲ್ಲಿ ಸ್ಫೂರ್ತಿ ಕುಕ್ಕರಗಾಲಲ್ಲಿ ಕೂತು ಹಾಸುಗಲ್ಲಿನ ಸಂದುಗಳನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಕಟ್ಟಡದ ನಕ್ಷೆ ಅವಳದು. ಮಧ್ಯಾಹ್ನ ಬಾಡಿಗೆಗೆ ಬರುವವರು ನೋಡಲು ಬರಲಿದ್ದರು. ಅಷ್ಟರೊಳಗೆ ಒಂದು ಕಲ್ಲೂ ಅಲುಗಾಡಬಾರದು ಎಂಬುದು ಅವಳ ಹಟ.

ನಾಯಿ ನೀರು ಕುಡಿಯುವಂಥ ಸದ್ದು ಕೇಳಿ ತಲೆಯೆತ್ತಿದಳು. ದಾರಿಯಾಚೆಯ ಬಂಡೆಯ ಮೇಲೆ ಕರಡಿಯೊಂದು ಕಲ್ಲನ್ನು ನೆಕ್ಕುತ್ತಿತ್ತು. ಅದರ ಬೆನ್ನ ಮೇಲೆ ಮರಿ ಕೂತಿತ್ತು.

ಎದ್ದು ಓಡಬೇಕೆನಿಸಿತು. ಅಷ್ಟರಲ್ಲಿ ಹಿಂದಿನಿಂದ ಹೆಜ್ಜೆ ಸದ್ದು. ಆವರಣ ಗುಡಿಸುವ ಹುಸೇನಮ್ಮ ಬುತ್ತಿಚೀಲ ಹಿಡಿದು ತಲೆ ತಗ್ಗಿಸಿಕೊಂಡು ಬರುತ್ತಿದ್ದಳು. ಕೂಗಿದರೆ ಕರಡಿ ಬೆಚ್ಚುತ್ತದೆ. ಸುಮ್ಮನಿದ್ದರೆ ಆಕೆ ನೇರ ಅದರೆದುರು ಹೋಗಿ ನಿಲ್ಲುತ್ತಾಳೆ. ಸ್ಫೂರ್ತಿ ಒಂದು ಕೈಯನ್ನು ಮಾತ್ರ ಮೇಲೆತ್ತಿದಳು. ಹುಸೇನಮ್ಮ ನಿಂತಳು, ನೋಡಿದಳು, ಸದ್ದಿಲ್ಲದೆ ಬಂದು ದಾರಿಯಂಚಿನ ಕಲ್ಲುಕಟ್ಟೆಯ ಮರೆಗೆ ಅವಳ ಪಕ್ಕ ಕೂತಳು.

"ಎದ್ದು ಓಡಬ್ಯಾಡ್ರಿ ಮೇಡಂ," ಎಂದು ಕಿವಿಯ ಹತ್ತಿರ ಉಸುರಿದಳು. "ನೆಕ್ಕೋದು ಮುಗದ್ರ ತಾನ ಹೋಗತೈತಿ. ದಿನಾ ಹಂಗ."

ದಿನಾ ಎಂಬ ಮಾತಿಗೆ ಸ್ಫೂರ್ತಿ ತಿರುಗಿ ಆಕೆಯ ಮುಖ ನೋಡಿದಳು.

ಕರಡಿ ಗುಡ್ಡ ಹತ್ತಿ ಮರೆಯಾದ ಎಷ್ಟೋ ಹೊತ್ತಿನ ಮೇಲೆ ಇಬ್ಬರೂ ಎದ್ದರು. ಬಂಡೆ ಅಂಟಂಟಾಗಿತ್ತು. ಬೆಲ್ಲದ ಪಾಕದ ವಾಸನೆ. ಬೆಲ್ಲ ಬಳಿದರೆ ಕರಡಿ ಬರುತ್ತದೆಂಬುದು ಈ ಸೀಮೆಯಲ್ಲಿ ಯಾರಿಗೂ ಹೊಸ ಸಂಗತಿಯಲ್ಲ. ಮಾಲೀಕರ ಮಾತಿನಂತೆ ಕಾವಲುಗಾರ ಹೊನ್ನೂರುಸ್ವಾಮಿ ಸಂಕ್ರಾಂತಿಯಿಂದೀಚೆಗೆ ಪ್ರತಿ ಸಂಜೆ ಬಳಿಯುತ್ತಿದ್ದಾನೆಂದು ಹುಸೇನಮ್ಮ ಹೇಳಿದಳು. ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದು ಸ್ಫೂರ್ತಿ ಕೇಳಿದಳು.

"ಹೇಳಿದ್ರ ದಾರಿ ಮುಚ್ಚತಾರ್ರಿ. ಮುಚ್ಚಿದ್ರ ನಮ್ಮೂರಾಗಿನ ಹೆಣ್ಮಕ್ಕಳೆಲ್ಲ ಜಾಲಿಗಿಡದಾಗ ಗುಡ್ಡ ಸುತ್ತಿ ತೋರಣಗಲ್ಲಿನ ಬಸ್ಸಿಗೆ ಹೋಗಬೇಕು. ಅಲ್ಲಿ ಕರಡಿ ಎದುರಾದ್ರ ಅಡಗಿ ನಿಲ್ಲಾಕ ಈ ಕಟ್ಟೀನೂ ಇಲ್ಲ."

ಆ ದಾರಿಯನ್ನು ಉಳಿಸಿದವಳು ಸ್ಫೂರ್ತಿಯೇ. ಸುತ್ತ ಗೋಡೆ ಬೇಡ, ಬಂಡೆಗಳು ಇದ್ದ ಹಾಗೇ ಇರಲಿ, ಊರವರ ಕಾಲುದಾರಿ ಅಂಗಳದ ನಡುವೆಯೇ ಹಾಯಲಿ ಎಂದು ವಾದಿಸಿ ಗೆದ್ದಿದ್ದಳು. ಗುಡ್ಡ ಕಾಣುವಂತೆ ಎರಡನೇ ಮಹಡಿಯಲ್ಲಿ ಗಾಜಿನ ಬಿಸಿಲುಮಚ್ಚನ್ನೂ ಬರೆದವಳು ಅವಳೇ. ಮೇಲೆ ನೋಡುವವರು, ಕೆಳಗೆ ನಡೆಯುವವರು, ನಡುವೆ ಕರಡಿ. ಈ ಮೂರನ್ನೂ ಅವಳು ಒಂದೇ ಹಾಳೆಯಲ್ಲಿ ಯೋಚಿಸಿರಲಿಲ್ಲ.

ಮಾಲೀಕ ಮನೋಹರ್ ಕಂಪ್ಲಿಯಲ್ಲಿ ಅಕ್ಕಿಗಿರಣಿ ಇಟ್ಟವನು, ಒಳ್ಳೆಯ ಮನುಷ್ಯನೆಂದೇ ಹೆಸರು. ಒಂಬತ್ತಕ್ಕೆ ಬಂದವನು ಅವಳ ಮಾತನ್ನೆಲ್ಲ ಸಮಾಧಾನದಿಂದ ಕೇಳಿದ. ಕಟ್ಟಡ ಮುಗಿದು ತಿಂಗಳುಗಟ್ಟಲೆ ಒಬ್ಬರೂ ಬಾಡಿಗೆಗೆ ಬಂದಿರಲಿಲ್ಲವೆಂದೂ, ಕರಡಿಯ ವಿಡಿಯೊ ತೋರಿಸಿದ ಮೇಲೇ ಜನ ವಿಚಾರಿಸತೊಡಗಿದರೆಂದೂ ಹೇಳಿದ.

"ನಿಸರ್ಗ ಬೇಕು ಅಂದೋರು ನೀವಲ್ಲೇನ್ರಿ? ಬಂದೈತಿ. ಅಷ್ಟು ಅಂಜಿಕಿ ಇದ್ರ ದಾರಿಗೆ ಗ್ವಾಡಿ ಕಟ್ಟಿ ಮ್ಯಾಲೆ ಕರೆಂಟ್ ತಂತಿ ಎಳದುಬಿಡ್ತೀನಿ."

ಹುಸೇನಮ್ಮ ಅಂಜಿದ್ದೇ ಆಗುತ್ತಿತ್ತು. ಮಧ್ಯಾಹ್ನ ಬಂದವರು ಬಿಸಿಲುಮಚ್ಚಿನಲ್ಲಿ ನಿಂತು ಕರಡಿ ಎಷ್ಟು ಹೊತ್ತಿಗೆ ಬರುತ್ತದೆಂದು ಕೇಳಿದಾಗ ಸ್ಫೂರ್ತಿ ಮಾತಾಡಲಿಲ್ಲ. ಮಾತಾಡಿದರೆ ದಾರಿ ಹೋಗುತ್ತದೆ, ಸುಮ್ಮನಿದ್ದರೆ ಒಂದು ಜೀವ.

ಸಂಜೆ ಹೊನ್ನೂರುಸ್ವಾಮಿ ಪಾಕದ ಬಕೆಟ್ಟನ್ನು ಮನೋಹರನ ಮುಂದೆ ತಂದಿಟ್ಟ. "ಕೆಲಸ ಬಿಡಿಸಿದ್ರೂ ಬಿಡಿಸ್ರಿ ಸಾವ್ಕಾರ್ರೆ, ನಾ ಇನ್ನ ಬಳಿಯಂಗಿಲ್ಲ. ಇವತ್ತು ಮೇಡಂ ಉಳದಾರ. ನಾಳಿ ಯಾರೋ."

"ಕರಡಿಗೆ ಅಂಜಿದೇನಲೇ? ಮತ್ತ ಆ ಮೀಸಿ ಯಾಕ ಬಿಟ್ಟೀ?" ಎಂದು ನಕ್ಕು ಮನೋಹರ್ ತಾನೇ ಬಕೆಟ್ ಎತ್ತಿದ. ಸ್ಫೂರ್ತಿ ಹಿಂದೆಯೇ ಹೋದಳು. ಅವನೊಬ್ಬನನ್ನೇ ಕಳಿಸಲು ಮನಸ್ಸಾಗಲಿಲ್ಲ.

ಮನೋಹರ್ ಬಂಡೆಯ ಹತ್ತಿರ ಅದುವರೆಗೆ ಹೋಗಿರಲೇ ಇಲ್ಲ. ನೋಡಿದ್ದೆಲ್ಲ ಮೇಲಿನಿಂದ, ಗಾಜಿನ ಹಿಂದಿನಿಂದ. ಬಂಡೆಯೇರಿ ಬಗ್ಗಿದಾಗ ಹಿಂದಿನ ಪೊದೆಯಲ್ಲಿ ಏನೋ ಸರಿದಂತಾಯಿತು. ಅವನ ಕೈ ಅಲ್ಲೇ ನಿಂತಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಗಾಳಿಯೋ, ಓತಿಕ್ಯಾತವೋ, ಇಬ್ಬರಿಗೂ ತಿಳಿಯಲಿಲ್ಲ. ಅವನ ಕುತ್ತಿಗೆಯ ಬೆವರು ಅಂಗಿಯ ಕಾಲರಿಗೆ ಇಳಿಯುವುದು ಸ್ಫೂರ್ತಿಗೆ ಕಾಣುತ್ತಿತ್ತು.

ಆಗ ಬಸ್ಸಿಳಿದ ಹೆಂಗಸರು ಆ ದಾರಿಯಲ್ಲಿ ಬಂದರು. ಒಬ್ಬಳ ಸೊಂಟದಲ್ಲಿ ನಿದ್ದೆ ಹೋದ ಕೂಸು. ಬಂಡೆ ಬಂದ ಕೂಡಲೇ ಎಲ್ಲರ ಮಾತೂ ನಿಂತಿತು. ತಲೆಯೆತ್ತದೆ, ಒಬ್ಬರ ಸೆರಗನ್ನೊಬ್ಬರು ಹಿಡಿದು, ಹೆಜ್ಜೆ ಜೋರು ಮಾಡಿ ದಾಟಿದರು. ಅವರ ಕಾಲುಂಗುರ ಕಲ್ಲಿಗೆ ತಾಗುವ ಸದ್ದು ಬಂಡೆಯ ಮೇಲಿದ್ದವನಿಗೆ ಸ್ಪಷ್ಟವಾಗಿ ಕೇಳಿತು. ಕರಡಿ ನಿಲ್ಲುವ ಜಾಗದಲ್ಲಿ ನಿಂತು ಅವನು ಅವರನ್ನು ನೋಡುತ್ತಿದ್ದ.

ಬಕೆಟ್ ಹಾಗೇ ಕೆಳಗಿಳಿಯಿತು. ಮನೋಹರ್ ನೀರು ತರಿಸಿ, ಪ್ಯಾಂಟು ಮಡಚಿ, ತೆಂಗಿನ ನಾರಿನಿಂದ ತಾನೇ ಬಂಡೆ ತಿಕ್ಕಿದ. ಹೊನ್ನೂರುಸ್ವಾಮಿ ಕೋಲು ಹಿಡಿದು ಗುಡ್ಡದ ಕಡೆ ಮುಖ ಮಾಡಿ ನಿಂತ.

"ತೊಳೆದರೂ ಕೆಲವು ದಿನ ಬರುತ್ತದೆ," ಎಂದಳು ಸ್ಫೂರ್ತಿ. "ರುಚಿ ಹತ್ತಿದೆ. ನಾಳೆಯೇ ಅರಣ್ಯ ಇಲಾಖೆಯವರಿಗೆ ತಿಳಿಸಬೇಕು."

"ತಿಳಸ್ರಿ. ಅಲ್ಲೀತನಕ ಊರೋರಿಗೆ ಮುಂಜಾನಿ ಸಂಜಿ ಮಿಲ್ಲಿನ ಟೆಂಪೊ ಕಳಸ್ತೀನಿ, ರಸ್ತಿ ಮ್ಯಾಲೆ ಬರ್ಲಿ. ಆಮ್ಯಾಲೆ ದಾರಿ ಅವರದ. ಗ್ವಾಡಿ ಬ್ಯಾಡ." ಬಾಡಿಗೆಯವರಿಗೆ ಇನ್ನು ಕರಡಿ ಬರುವುದಿಲ್ಲವೆಂದು ತಾನೇ ಹೇಳುವುದಾಗಿ ಅಂದ. ಮತ್ತೆ ಕೇಳಿದ, "ಅಳತಿ ಟೇಪ್ ಐತೇನ್ರಿ ನಿಮ್ಮತ್ರ? ಈ ಕಲ್ಲಿಗೂ ಹೆಣ್ಮಕ್ಕಳ ದಾರಿಗೂ ಎಷ್ಟು ದೂರ ಐತಿ ನೋಡೂಣು."

ಒಂದು ತುದಿಯನ್ನು ಅವನು ಒದ್ದೆ ಬಂಡೆಯ ಮೇಲೆ ಒತ್ತಿ ಹಿಡಿದ. ಸ್ಫೂರ್ತಿ ಇನ್ನೊಂದನ್ನು ಎಳೆದುಕೊಂಡು ಹೋಗಿ, ಹೆಂಗಸರು ನಡೆದುಹೋದ ಹಾಸುಗಲ್ಲಿನ ಅಂಚಿಗೆ ಇಟ್ಟು, ಮೊಬೈಲಿನ ಬೆಳಕಿನಲ್ಲಿ ಓದಿದಳು. ಹನ್ನೊಂದು ಮೀಟರ್ ನಲವತ್ತು ಸೆಂಟಿಮೀಟರ್.